"ಸುಸ್ಥಿತಿಯಲ್ಲಿದೆ" ಅಂತ ಬರೆದರೆ ಸೇತುವೆ ನಿಲ್ಲುತ್ತಾ?

ಪೋಸ್ಟ್ ಉದ್ದ ಇದೆ. ಅರ್ಧ ಓದಿ ಲೈಕ್ ಒತ್ತಿ ಹೋಗ್ಬೇಡಿ, ಬಿಡುವಾದಾಗ ಪೂರ್ತಿ ಓದಿ.

ಕಳೆದ ವಾರ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಎರಡು ಚಿತ್ರ ಸೇರಿಸಿ ಮಾಡಿದ್ದು. ಮೇಲ್ಗಡೆ ಹಳೇ ಕಲ್ಲಿನ ಕಮಾನು ಸೇತುವೆ, ಸುತ್ತ ಹಸಿರು, ಅಡಿಯಲ್ಲಿ ಹೊಳೆ. ಕೆಳಗಡೆ ಮುರಿದು ನೀರಿಗೆ ಬಿದ್ದ ಕಾಂಕ್ರೀಟ್ ಸೇತುವೆ. ಮೇಲಿನದಕ್ಕೆ "ಬ್ರಿಟಿಷರ ಕಾಲದ್ದು, ಪ್ರತಿಭೆ ಕಟ್ಟಿದ್ದು" ಅಂತ ಬರೆದಿದ್ದರು. ಕೆಳಗಿನದಕ್ಕೆ "ಈಗಿನದು, ಮೀಸಲಾತಿ ಕಟ್ಟಿದ್ದು" ಅಂತ. ಐದು ನಿಮಿಷದಲ್ಲಿ ಹನ್ನೊಂದು ಜನ ನಗುವ ಮುಖ ಹಾಕಿದರು. ಆ ಗುಂಪಲ್ಲಿ ನಮ್ಮೋರು ಅಂತ ಇರೋದು ಮೂರೇ ಜನ. ಮೂವರೂ ಸುಮ್ಮನಿದ್ದೆವು.

ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಟೇಬಲ್ಲಿನವರು, ದಿನಾ ನನ್ನ ಜೊತೆ ಚಟ್ನಿಪುಡಿ ಹಂಚಿಕೊಳ್ಳೋರು, "ನಿಮಗೆ ಅಂತ ಹಾಕಿದ್ದಲ್ಲ ಸಾರ್, ಜನರಲ್ ಆಗಿ ಹಾಕಿದ್ದು" ಅಂದರು. ನಾನು ಏನೂ ಅಂದಿಲ್ಲ ಆಗಲೇ ಸಮಜಾಯಿಷಿ ಬಂತು ಅಂದ್ರೆ ಯಾರಿಗೆ ಹಾಕಿದ್ದು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಅವತ್ತು ಗುಂಪಲ್ಲಿ ಬರೆಯದೇ ಇದ್ದದ್ದನ್ನ ಇಲ್ಲಿ ಬರೀತಿದೀನಿ.

ಮೊದಲು ಆ ಚಿತ್ರದ ಸುಳ್ಳನ್ನ ಬಿಡಿಸೋಣ.

ನಿಂತಿರೋ ಹಳೇ ಸೇತುವೆ ಫೋಟೋ ಎಲ್ಲರೂ ತೆಗೀತಾರೆ. ಬಿದ್ದುಹೋದ ಹಳೇ ಸೇತುವೆ ಫೋಟೋಕ್ಕೆ ಸಿಗಲ್ಲ, ಅದು ಹೊಳೇಲಿ ಹೋಗಿರುತ್ತೆ. ನೂರು ಕಟ್ಟಿದ್ದರಲ್ಲಿ ಹತ್ತು ಉಳಿದಿದ್ದರೆ ಹತ್ತನ್ನೇ ನೋಡಿ "ಆಗಿನ ಕಾಲದ್ದೆಲ್ಲ ಗಟ್ಟಿ" ಅನ್ನೋದು ಎಂಥಾ ಲೆಕ್ಕ? ಕೊಳ್ಳೇಗಾಲದ ಕಡೆ ಶಿವನಸಮುದ್ರದ ಹತ್ತಿರ ಕಾವೇರಿ ಮೇಲಿದ್ದ ಹಳೇ ಕಲ್ಲಿನ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅದರ ಮೇಲೆ ಯಾರೂ ಪ್ರತಿಭೆ ಅಂತಲೂ ಬರೀಲಿಲ್ಲ, ಮೀಸಲಾತಿ ಅಂತಲೂ ಬರೀಲಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಜನ "ಬ್ರಿಟಿಷರು ಕಟ್ಟಿದ್ದು" ಅಂತ ತೋರಿಸೋ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ, 1804ರದ್ದು, ಮೈಸೂರಿನ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಆದದ್ದು. ಗವರ್ನರ್ ಜನರಲ್ಲನ ಹೆಸರು ಇಟ್ಟರು, ಅಷ್ಟೇ. ದಿವಾನರ ಹೆಸರು ಉಳಿದಿದೆ, ಸಾಹೇಬರ ಹೆಸರು ಉಳಿದಿದೆ. ಆ ಕಂಬದ ಕಲ್ಲು ಒಡೆದು, ಕೆತ್ತಿ, ಹೊಳೆಗೆ ಇಳಿದು ನಿಲ್ಲಿಸಿದ ಒಬ್ಬನ ಹೆಸರು ಹೇಳಿ ನೋಡೋಣ. ಕಲ್ಲು ಒಡೆಯೋ ಕಸುಬಿನ ಭೋವಿ ಜನ, ವಡ್ಡರು, ಇವತ್ತು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ. ತಲೆತಲಾಂತರದಿಂದ ಈ ನಾಡಿಗೆ ಬಾವಿ ತೋಡಿ, ಕೆರೆ ಏರಿ ಹಾಕಿ, ಕಲ್ಲು ಕಡಿದುಕೊಟ್ಟೋರ ಮೊಮ್ಮಗ ಇಂಜಿನಿಯರ್ ಆದರೆ ಅವನಿಗೆ ಸೇತುವೆ ಕಟ್ಟೋಕೆ ಬರಲ್ಲವಂತೆ. ಕೈಗೆ ಬರ್ತಿತ್ತು, ತಲೆಗೆ ಬರಲ್ಲ ಅನ್ನೋದು ಇವರ ಸಿದ್ಧಾಂತ.

ಈಗ ನಾನು ಹೇಳಬೇಕಾದ ಸೇತುವೆಗೆ ಬರ್ತೀನಿ. ಅದು ಮಹಾಡದ್ದು.

ಮಹಾಡ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಚವದಾರ್ ಕೆರೆ. 1927ರ ಮಾರ್ಚ್ 20. ಮುಂಬೈ ಶಾಸನಸಭೆ 1923ರಲ್ಲೇ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಬೋಳೆಯವರ ನಿರ್ಣಯ ಪಾಸು ಮಾಡಿತ್ತು. ಮಹಾಡ್ ಪುರಸಭೆ 1924ರಲ್ಲಿ ಅದನ್ನ ಒಪ್ಪಿಕೊಂಡಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು, ನೀರು ಮಾತ್ರ ಮುಟ್ಟೋ ಹಾಗಿರಲಿಲ್ಲ. ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಆಮೇಲೆ ಅವರು ಕೆರೆಗೆ ಸೆಗಣಿ ಗಂಜಲದ 108 ಕೊಡ ಸುರಿದು "ಶುದ್ಧಿ" ಮಾಡಿದ್ದು ನಿಮಗೆ ಗೊತ್ತೇ ಇದೆ.

ಅದೇ ವರ್ಷ ಡಿಸೆಂಬರ್ 25ಕ್ಕೆ ಎರಡನೇ ಸಮ್ಮೇಳನ, ಮನುಸ್ಮೃತಿ ಸುಟ್ಟ ದಿನ. ಅದಕ್ಕೆ ಬಾಬಾಸಾಹೇಬರು ಮುಂಬೈಯಿಂದ ಹೇಗೆ ಬಂದರು ಗೊತ್ತಾ? ರಸ್ತೆಯಲ್ಲಿ ಬಂದರೆ ಬಸ್ ಮಾಲೀಕರು ಹತ್ತಿಸಿಕೊಳ್ಳದೇ ಇರಬಹುದು ಅಂತ 'ಪದ್ಮಾವತಿ' ಅನ್ನೋ ಹಡಗಿನಲ್ಲಿ ಬಂದು ದಾಸ್‌ಗಾಂವ್ ಬಂದರಿನಲ್ಲಿ ಇಳಿದರು. ಅಲ್ಲಿಂದ ಮಹಾಡ್ ಕೆಲವೇ ಮೈಲಿ. ಬಸ್ಸು ಇಲ್ಲದಿದ್ದರೆ ನಡೆದಾದರೂ ಸೇರಬಹುದು ಅನ್ನೋ ಲೆಕ್ಕ. ಸಮ್ಮೇಳನಕ್ಕೆ ಜಾಗ ಕೊಡೋರೂ ಇರಲಿಲ್ಲ, ಕೊನೆಗೆ ಕೊಟ್ಟದ್ದು ಫತ್ತೇಖಾನ್ ಅನ್ನೋ ಒಬ್ಬ ಮುಸ್ಲಿಂ. ನೀರಿನ ಹೋರಾಟ ಅಂತ ನಾವು ಹೇಳ್ತೀವಿ. ಅದು ದಾರಿಯ ಹೋರಾಟವೂ ಆಗಿತ್ತು. ಯಾರು ಯಾವ ರಸ್ತೆಯಲ್ಲಿ, ಯಾವ ಬಸ್ಸಿನಲ್ಲಿ, ಯಾವ ಕಡವಿನಲ್ಲಿ ಹೋಗಬಹುದು ಅನ್ನೋದೇ ಜಾತಿ.

ಮಹಾಡ್ ಪಕ್ಕದಲ್ಲಿ ಹರಿಯೋ ಹೊಳೆ ಹೆಸರು ಸಾವಿತ್ರಿ. ಮಹಾಬಳೇಶ್ವರದಲ್ಲಿ ಹುಟ್ಟಿ, ಘಟ್ಟ ಇಳಿದು, ಹರಿಹರೇಶ್ವರದ ಹತ್ತಿರ ಸಮುದ್ರ ಸೇರುತ್ತೆ. ಮನುಸ್ಮೃತಿ ಸುಟ್ಟ ಮಾರನೇ ವರ್ಷ, 1928ರಲ್ಲಿ, ಆ ಹೊಳೆಗೆ ಕಲ್ಲಿನ ಕಮಾನು ಸೇತುವೆ ಆಯಿತು. ಬ್ರಿಟಿಷರ ಕಾಲದ್ದು. ಫೋಟೋ ಹಾಕಿದವರು ಇಷ್ಟಪಡೋ ಥರದ್ದೇ. ಆಮೇಲೆ ಅದು ಮುಂಬೈ-ಗೋವಾ ಹೆದ್ದಾರಿಯ ಭಾಗ ಆಯಿತು. ಪಕ್ಕದಲ್ಲಿ ಇನ್ನೊಂದು ಹೊಸ ಸೇತುವೆ ಬಂದ ಮೇಲೂ ಒಂದು ದಿಕ್ಕಿನ ವಾಹನಗಳನ್ನ ಈ ಹಳೇದರ ಮೇಲೇ ಬಿಡುತ್ತಿದ್ದರು.

2016ರ ಆಗಸ್ಟ್ 2ರ ರಾತ್ರಿ. ಭಾರಿ ಮಳೆ, ಸಾವಿತ್ರಿ ಉಕ್ಕಿ ಹರೀತಿತ್ತು. ಆ ಸೇತುವೆ ಕುಸಿಯಿತು. ಮುಂಬೈ ಕಡೆ ಹೊರಟಿದ್ದ ಎರಡು ಎಸ್‌ಟಿ ಬಸ್ಸು, ಅಂದರೆ ಅಲ್ಲಿನ ಸರ್ಕಾರಿ ಬಸ್ಸು, ಜೊತೆಗೆ ಬೇರೆ ವಾಹನ, ಕತ್ತಲಲ್ಲಿ ಬಂದು ಬಂದು ನೀರಿಗೆ ಬಿದ್ದವು. ಸುಮಾರು 40 ಜನ ಸತ್ತರು. ಬಸ್ಸು ಹುಡುಕೋಕೇ ದಿನಗಟ್ಟಲೆ ಹಿಡಿಯಿತು. ಕ್ರೇನಿಗೆ ದೊಡ್ಡ ಅಯಸ್ಕಾಂತ ಕಟ್ಟಿ ಹೊಳೆ ತಳ ತಡಕಿದರು. ಕೆಲವರ ದೇಹ ಸಮುದ್ರ ತೀರದಲ್ಲಿ ಸಿಕ್ಕವು. ಕೆಲವರದ್ದು ಸಿಗಲೇ ಇಲ್ಲ.

88 ವರ್ಷ ನಿಂತಿದ್ದ ಸೇತುವೆ. ಹಾಗಾದರೆ ಅದನ್ನ ಬೀಳಿಸಿದ್ದು ಯಾವ ಮೀಸಲಾತಿ?

ಇಲ್ಲಿ ಒಂಚೂರು ಕಲ್ಲಿನ ಸೇತುವೆ ಹೇಗೆ ನಿಲ್ಲುತ್ತೆ ಅಂತ ಹೇಳಬೇಕು. ನಾನು ಇಂಜಿನಿಯರ್ ಅಲ್ಲ, ಬಿ.ಎ. ಓದಿದೋನು. ಇದನ್ನ ಕಲಿತದ್ದು ನಮ್ಮಪ್ಪನಿಂದ.

ನಮ್ಮಪ್ಪ ರಸ್ತೆ ಗ್ಯಾಂಗಿನಲ್ಲಿ ಕೂಲಿ. ನಮ್ಮೂರಿನ ಹಳ್ಳಕ್ಕೆ ಒಂದು ಹಳೇ ಕಲ್ಲಿನ ಸೇತುವೆ ಇದೆ, ಮೂರು ಕಮಾನು. ಊರಲ್ಲಿ ಅದನ್ನ ಮೂರ್ಕಣ್ಣಿನ ಸೇತುವೆ ಅಂತಾರೆ. ಸೇತುವೆ ಆಚೆ ನಮ್ಮ ಕೇರಿ, ಈಚೆ ಊರು. ಪ್ರತಿ ವರ್ಷ ಮಳೆ ಹಿಡಿಯೋಕೆ ಮುಂಚೆ ಅಪ್ಪ ಹಗ್ಗ ಕಟ್ಟಿಕೊಂಡು ಕಮಾನಿನ ಪಕ್ಕಕ್ಕೆ ಇಳೀತಿದ್ದ. ಕಲ್ಲಿನ ಸಂದಿಯಲ್ಲಿ ಹುಟ್ಟಿದ ಗಿಡ ಕೀಳೋದು ಕೆಲಸ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ, ಜಾಸ್ತಿ ಅರಳಿ, ಆಲ, ಅತ್ತಿ. ಬೆರಳಷ್ಟು ಇದ್ದಾಗಲೇ ಬೇರು ಸಮೇತ ಕೀಳಬೇಕು, ಬಿಟ್ಟರೆ ಬೇರು ಗಾರೆಯನ್ನ ಸೀಳಿ ಕಲ್ಲನ್ನ ಹೊರಕ್ಕೆ ನೂಕುತ್ತೆ. ಕಿತ್ತ ಜಾಗಕ್ಕೆ ಸುಣ್ಣದ ಗಾರೆ ತುಂಬೋನು. ಕಂಬದ ಬುಡದಲ್ಲಿ ಮಣ್ಣು ಕೊರೆದಿದ್ದರೆ ದಪ್ಪ ಕಲ್ಲು ತುಂಬೋನು.

ಗ್ಯಾಂಗಿನಲ್ಲಿ ಬೇರೆ ಜಾತಿಯವರೂ ಇದ್ದರು. ಆದರೆ ಅರಳಿ ಗಿಡ ಕೀಳೋಕೆ ಅವರು ಬರ್ತಿರಲಿಲ್ಲ. ಅರಳಿ ಅಂದ್ರೆ ದೇವರು, ಕಿತ್ತರೆ ಪಾಪ. ಆ ಪಾಪ ಹೊತ್ತುಕೊಳ್ಳೋಕೆ ನಮ್ಮಪ್ಪನೇ ಬೇಕಿತ್ತು. ಇಪ್ಪತ್ತಾರು ವರ್ಷ ಆ ಪಾಪ ಮಾಡಿದ. ಊರವರ ಗಾಡಿ, ಟ್ರ್ಯಾಕ್ಟರು, ಉತ್ಸವ, ಮದುವೆ ದಿಬ್ಬಣ ಎಲ್ಲ ಆ ಪಾಪದ ಮೇಲೇ ದಾಟಿದವು.

ಅಪ್ಪ ಹೇಳ್ತಿದ್ದ: "ಕಮಾನಿನ ಕಲ್ಲು ಒಂದನ್ನೊಂದು ಒತ್ಕೊಂಡು ನಿಂತವೆ ಕಣ್ಲಾ. ಒಂದು ಸಡಿಲ ಆಯ್ತು ಅಂದ್ರೆ ಎಲ್ಲವೂ ಸಡಿಲ." ಅದೇ ವಿಜ್ಞಾನ. ಕಮಾನಿನಲ್ಲಿ ಕಬ್ಬಿಣ ಇರಲ್ಲ. ಮೇಲಿನ ಭಾರ ಕಲ್ಲಿಂದ ಕಲ್ಲಿಗೆ ಒತ್ತಡವಾಗಿ ಇಳಿದು ಕಂಬಕ್ಕೆ ಹೋಗುತ್ತೆ. ಆ ಕಂಬವನ್ನ ಎಡಗಡೆ ಕಮಾನು ಒಂದು ಕಡೆಗೆ ನೂಕಿದರೆ ಬಲಗಡೆ ಕಮಾನು ಇನ್ನೊಂದು ಕಡೆಗೆ ನೂಕುತ್ತೆ, ಎರಡೂ ಸರಿಸಮ ಇರೋದರಿಂದ ಕಂಬ ನೆಟ್ಟಗೆ ನಿಲ್ಲುತ್ತೆ. ಒಂದು ಕಂಬದ ಬುಡವನ್ನ ಪ್ರವಾಹ ಕೊರೆದು ಆ ಕಂಬ ಕುಸಿದರೆ ಎರಡೂ ಪಕ್ಕದ ಕಮಾನು ಹೋಗುತ್ತವೆ. ಅವು ಹೋದ ಮೇಲೆ ಪಕ್ಕದ ಕಂಬಕ್ಕೆ ಒಂದೇ ಕಡೆಯ ನೂಕು ಉಳಿಯುತ್ತೆ, ಅದೂ ಹೋಗಬಹುದು. ಅದಕ್ಕೇ ಇಂಥ ಸೇತುವೆಗಳು ಬಿದ್ದಾಗ ಸಾಲಾಗಿ ಬೀಳ್ತವೆ, ಎಚ್ಚರಿಕೆ ಕೊಡದೇ ಬೀಳ್ತವೆ.

ಹಳೇ ಸೇತುವೆ ನಿಂತಿದ್ದರೆ ಅದಕ್ಕೆ ಕಾರಣ ಕಟ್ಟಿದವನ ಬುದ್ಧಿ ಅರ್ಧ. ಇನ್ನರ್ಧ ವರ್ಷಾ ವರ್ಷ ಗಿಡ ಕಿತ್ತವನ ಕೈ. ಆ ಗ್ಯಾಂಗಿನ ಕೆಲಸ ಈಗೆಲ್ಲಿದೆ? ನಮ್ಮಪ್ಪ ನಿವೃತ್ತಿ ಆದ ಮೇಲೆ ನಮ್ಮೂರ ಸೇತುವೆಗೆ ಆ ಜಾಗದಲ್ಲಿ ಇನ್ನೊಬ್ಬ ಬರಲಿಲ್ಲ. ಗುತ್ತಿಗೆ ಅಂದರು, ಟೆಂಡರ್ ಅಂದರು. ಈಗ ಆ ಮೂರ್ಕಣ್ಣಿನ ಸೇತುವೆಯ ನಡು ಕಮಾನಿನಲ್ಲಿ ಅರಳಿ ಮರವೇ ಬೆಳೆದಿದೆ. ಯಾರೋ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದಾರ ಬೇರೆ ಸುತ್ತಿದ್ದಾರೆ. ಸೇತುವೆ ಬೀಳಿಸೋ ಬೇರಿಗೆ ಪೂಜೆ, ಅದನ್ನ ಕೀಳುತ್ತಿದ್ದ ಕೈಗೆ ಮೀಸಲಾತಿ ಅಂತ ಬೈಗುಳ.

ಈಗ ಮಹಾಡಕ್ಕೆ ವಾಪಸ್ ಬನ್ನಿ.

ಸೇತುವೆ ಬಿದ್ದ ಮೇಲೆ ಅಲ್ಲಿನ ಸರ್ಕಾರವೇ ಹೇಳಿದ್ದು ಏನು? ಅದೇ ವರ್ಷ ಮೇ ತಿಂಗಳಲ್ಲಿ ಸೇತುವೆಯನ್ನ ಪರಿಶೀಲನೆ ಮಾಡಲಾಗಿತ್ತು, ಅಪಾಯ ಇಲ್ಲ ಅಂತ ಕಂಡುಬಂದಿತ್ತು. ಮೇ ತಿಂಗಳಲ್ಲಿ ಸುರಕ್ಷಿತ, ಆಗಸ್ಟಲ್ಲಿ ಇಲ್ಲ.

ಇದನ್ನ ಓದಿದಾಗ ನನಗೆ ಸಿಟ್ಟಿಗಿಂತ ಮೊದಲು ಬೆವರು ಬಂತು. ಯಾಕೆ ಅಂತ ಹೇಳ್ತೀನಿ. ಇದು ಹೇಳೋಕೆ ನಾಚಿಕೆ ಆಗೋ ಮಾತು, ಆದರೂ ಹೇಳ್ತೀನಿ.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ಹೊಲೀತಿದೀನಿ, ಟಿಪ್ಪಣಿ ಬರೀತಿದೀನಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆಫೀಸಿನಲ್ಲಿ ಮಳೆಗಾಲದ ಮುಂಚೆ ಹಳೇ ಕಟ್ಟಡಗಳ ವರದಿ ಕಳಿಸಬೇಕಿತ್ತು. ಕಟ್ಟಡ ನೋಡೋಕೆ ಯಾರೂ ಹೋಗಿರಲಿಲ್ಲ. ಕೊನೇ ದಿನ ಸಾಹೇಬರು ಹೇಳಿದರು, "ಹೋದ ವರ್ಷದ್ದು ತೆಗೀರಿ, ತಾರೀಖು ಬದಲಾಯಿಸಿ ಟೈಪ್ ಮಾಡ್ಕೊಂಡು ಬನ್ನಿ." ನಾನು ಮಾಡಿದೆ. "ಸ್ಥಳ ಪರಿಶೀಲಿಸಲಾಗಿ, ಸದರಿ ಕಟ್ಟಡವು ಸುಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ." ಹದಿನಾಲ್ಕು ಸಲ ಟೈಪ್ ಮಾಡಿದೆ. ಹೋದ ವರ್ಷದ್ದು ಅದರ ಹಿಂದಿನ ವರ್ಷದ ನಕಲು ಅಂತ ಆಗಲೇ ಗೊತ್ತಾಗ್ತಿತ್ತು, ಒಂದು ಕಾಗುಣಿತ ತಪ್ಪು ಮೂರೂ ವರ್ಷ ಹಾಗೇ ಇತ್ತು.

ಅದರಲ್ಲಿ ಒಂದು ಕಟ್ಟಡ ಮಕ್ಕಳು ಕೂರೋ ಜಾಗ. ಅದೃಷ್ಟಕ್ಕೆ ಆ ವರ್ಷ ಏನೂ ಆಗಲಿಲ್ಲ. ಆದರೆ ಪ್ರತಿ ಮಳೆಗಾಲ ಆ ಸಾಲು ನನ್ನ ತಲೇಲಿ ಓಡುತ್ತೆ. ಮಹಾಡದ ವರದಿಯನ್ನೂ ಹೀಗೇ ಬರೆದರು ಅಂತ ನಾನು ಹೇಳ್ತಿಲ್ಲ, ನಾನು ಅದನ್ನ ನೋಡಿಲ್ಲ. ನಮ್ಮ ವ್ಯವಸ್ಥೆಯಲ್ಲಿ "ಸುಸ್ಥಿತಿ" ಅನ್ನೋ ಪದ ಹೇಗೆ ಹುಟ್ಟಬಹುದು ಅಂತ ಮಾತ್ರ ಹೇಳ್ತಿದೀನಿ, ಯಾಕಂದ್ರೆ ಅದನ್ನ ನನ್ನ ಬೆರಳಲ್ಲೇ ಹುಟ್ಟಿಸಿದ್ದೇನೆ.

ಇನ್ನೊಂದು ವಿಷಯ. ಪ್ರಾಮಾಣಿಕವಾಗಿ ಹೋಗಿ ನೋಡಿದರೂ ಮೇ ತಿಂಗಳಲ್ಲಿ ಮೇಲಿಂದ ನೋಡಿದರೆ ಕಂಬದ ಬುಡ ಕಾಣಲ್ಲ. ಪ್ರವಾಹ ಜೋರಿದ್ದಾಗ ನೀರು ಬುಡದ ಮರಳನ್ನ ಕೊರೆದು ಗುಂಡಿ ಮಾಡುತ್ತೆ. ನೀರು ಇಳಿಯುವಾಗ ಅದೇ ಗುಂಡಿಯೊಳಗೆ ಹೂಳು ತುಂಬುತ್ತೆ. ಬೇಸಿಗೆಯಲ್ಲಿ ಹೋದವನಿಗೆ ನೆಲ ಸಮ ಕಾಣುತ್ತೆ. ನೀರಿಗಿಳಿದು, ಬುಡ ಅಳೆದು, ಹೋದ ವರ್ಷದ ಅಳತೆ ಜೊತೆ ಹೋಲಿಸಬೇಕು. ಅದಕ್ಕೆ ಜನ ಬೇಕು, ದುಡ್ಡು ಬೇಕು, ಮನಸ್ಸು ಬೇಕು. ಜೀಪಲ್ಲಿ ಕೂತು ಸೇತುವೆ ದಾಟಿ ಬಂದರೆ ಅದು ಪರಿಶೀಲನೆ ಅಲ್ಲ, ಪ್ರಯಾಣ.

ಆ ಮೇ ತಿಂಗಳ ವರದಿಗೆ ಸಹಿ ಹಾಕಿದವರ ಜಾತಿ ಯಾವುದು ಅಂತ ಯಾವ ವಾಟ್ಸಾಪ್ ಗುಂಪೂ ಕೇಳಲಿಲ್ಲ. ನಾನೂ ಕೇಳಲ್ಲ. ಸಹಿ ಹಾಕೋ ಕುರ್ಚಿಯನ್ನ ಕೇಳ್ತೀನಿ. ಆದರೆ ನ್ಯಾಯ ಇರಬೇಕಲ್ವಾ? ನಿಮ್ಮೋರ ಸೇತುವೆ ಬಿದ್ದರೆ ಪ್ರಕೃತಿ ವಿಕೋಪ, ನಮ್ಮೋರು ಇದ್ದ ಇಲಾಖೆಯ ಸೇತುವೆ ಬಿದ್ದರೆ ಮೀಸಲಾತಿ. ಈ ತಕ್ಕಡಿ ಯಾವ ಅಂಗಡೀಲಿ ತಂದಿರಿ?

ಮಹಾರಾಷ್ಟ್ರದ ಕಥೆ ನಮಗ್ಯಾಕೆ ಅಂತೀರಾ? ಸಾವಿತ್ರಿ ದಾಟೋ ಅದೇ ಹೆದ್ದಾರಿ, 66ನೇ ನಂಬರಿನದು, ಗೋವಾ ದಾಟಿ ನಮ್ಮ ಕಾರವಾರ, ಉಡುಪಿ, ಮಂಗಳೂರಿಗೆ ಬರುತ್ತೆ. 2024ರ ಆಗಸ್ಟ್ 7, ನಡುರಾತ್ರಿ ಕಳೆದ ಮೇಲೆ, ಕಾರವಾರ-ಸದಾಶಿವಗಡದ ನಡುವೆ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು. ಚಾಲಕನನ್ನ ಜೀವಂತ ಎತ್ತಿದರು, ಪುಣ್ಯ. ಅದು 1980ರ ದಶಕದ ಕಾಂಕ್ರೀಟ್ ಸೇತುವೆ, ಸುಮಾರು 40 ವರ್ಷದ್ದು. ಅಲ್ಲೂ ಪಕ್ಕದಲ್ಲಿ ಹೊಸ ಸೇತುವೆ ಇತ್ತು. ಅಲ್ಲೂ ಒಂದು ದಿಕ್ಕಿನ ವಾಹನಗಳನ್ನ ಹಳೇದರ ಮೇಲೇ ಬಿಟ್ಟಿದ್ದರು. ಅದೇ ಹೆದ್ದಾರಿ, ಅದೇ ಆಗಸ್ಟ್, ಅದೇ ರಾತ್ರಿ ಹೊತ್ತು, ಎಂಟು ವರ್ಷದ ಅಂತರ. ಒಂದು ಕಲ್ಲಿನದು, ಒಂದು ಕಾಂಕ್ರೀಟಿನದು. ಒಂದು ಬ್ರಿಟಿಷರದು, ಒಂದು ನಮ್ಮದು. ಎರಡಕ್ಕೂ ಸಾಮಾನ್ಯವಾಗಿದ್ದದ್ದು "ಹಳೇದು ಇನ್ನೂ ನಡೆಯುತ್ತೆ, ನಡೆಸಿ" ಅನ್ನೋ ಧೋರಣೆ ಮಾತ್ರ.

ಈಗ ಇನ್ನೊಂದು ಲೆಕ್ಕ ನೋಡಿ. ಮಹಾಡದಲ್ಲಿ ಬಿದ್ದ ಜಾಗದಲ್ಲಿ ಹೊಸ ಸೇತುವೆಯನ್ನ 165 ದಿನದಲ್ಲಿ ಕಟ್ಟಿ ಮುಗಿಸಿದರು. 2017ರ ಜೂನ್‌ನಲ್ಲಿ, ಮುಂದಿನ ಮಳೆಗಾಲಕ್ಕೆ ಮುಂಚೆ, ಉದ್ಘಾಟನೆ. ದಾಖಲೆ ಅಂತ ಹೊಗಳಿಕೊಂಡರು. ಒಪ್ತೀನಿ, ಒಳ್ಳೇ ಕೆಲಸವೇ. ಆದರೆ 165 ದಿನದಲ್ಲಿ ಆಗೋ ಕೆಲಸಕ್ಕೆ 40 ಹೆಣ ಯಾಕೆ ಬೇಕಾಯಿತು? ದುಡ್ಡಿತ್ತು, ಇಂಜಿನಿಯರ್‌ಗಳಿದ್ದರು, ಯಂತ್ರ ಇತ್ತು. ಹೆಣ ಬೀಳೋವರೆಗೂ ಕಡತಕ್ಕೆ ಕಾಲು ಇರಲಿಲ್ಲ, ಅಷ್ಟೇ.

ನಮ್ಮ ಮೂರ್ಕಣ್ಣಿನ ಸೇತುವೆಗೆ ಬರೋಣ. ಊರವರಿಗೆ ಏಳೆಂಟು ವರ್ಷದ ಹಿಂದೆ ಮೇಲ್ಗಡೆ ಬೈಪಾಸ್ ಆಯಿತು, ಹೊಸ ಸೇತುವೆ ಆಯಿತು. ಒಳ್ಳೇದೇ. ಅದಾದ ಮೇಲೆ ಹಳೇ ಸೇತುವೆ ದಾಟೋರು ಯಾರು? ಕೇರಿಯ ಮಕ್ಕಳು ಸ್ಕೂಲಿಗೆ, ಬಾಣಂತಿಯರು ಆಸ್ಪತ್ರೆಗೆ, ನಾವೆಲ್ಲ ಕೂಲಿಗೆ. ನಮ್ಮ ಸ್ಮಶಾನ ಈಚೆ ಇರೋದರಿಂದ ಹೆಣ ಹೊತ್ತುಕೊಂಡು ದಾಟೋದೂ ಅದರ ಮೇಲೇ. ಆಮೇಲಿಂದ ಒಂದು ಬುಟ್ಟಿ ಗಾರೆಯೂ ಅದರ ಮೇಲೆ ಬಿದ್ದಿಲ್ಲ. ಅರ್ಜಿ ಕೊಟ್ಟೆವು. ಮೊದಲನೇ ಅರ್ಜಿಗೆ ಉತ್ತರ ಇಲ್ಲ. ಎರಡನೇದಕ್ಕೆ "ಸೂಕ್ತ ಕ್ರಮಕ್ಕಾಗಿ ವರ್ಗಾಯಿಸಿದೆ" ಅಂತ. ಮೂರನೇದಕ್ಕೆ ಬಂದ ಉತ್ತರ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ಸದರಿ ಸೇತುವೆಯು ಸುಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ." ನನ್ನದೇ ಸಾಲು ನನ್ನ ಕೇರಿಗೇ ವಾಪಸ್ ಬಂದಿತ್ತು. ಎಲ್ಲೋ ಒಬ್ಬ ನನ್ನಂಥ ಗುಮಾಸ್ತ ತಾರೀಖು ಬದಲಾಯಿಸಿ ಟೈಪ್ ಮಾಡಿದ್ದ.

ಇನ್ನೊಂದು ಕಡೆಯಿಂದ ಪರಂಪರೆ ಪ್ರೇಮಿಗಳು ಬಂದರು. ಕ್ಯಾಮೆರಾ ಹಾಕ್ಕೊಂಡು ಬರ್ತಾರೆ, ಮದುವೆಗೆ ಮುಂಚಿನ ಫೋಟೋ ಶೂಟಿಗೂ ಬರ್ತಾರೆ. ಹೊಸ ಸೇತುವೆ ಕಟ್ಟಿಕೊಡಿ ಅಂತ ನಾವು ಕೇಳ್ತಿದೀವಿ ಅಂದಾಗ ಒಬ್ಬರು, ತುಂಬಾ ಓದಿಕೊಂಡಿರೋರು, "ಛೇ, ಇಷ್ಟು ಸುಂದರ ಸೇತುವೆ ಕೆಡವಿಸ್ತೀರಾ? ಇದು ನಮ್ಮ ಹೆರಿಟೇಜ್" ಅಂದರು. ಸಾರ್, ಅದನ್ನ ಕೆಡವಿ ಅಂತ ನಾವು ಕೇಳೇ ಇಲ್ಲ. ನಮ್ಮಪ್ಪ ಇಪ್ಪತ್ತಾರು ವರ್ಷ ಹಗ್ಗದಲ್ಲಿ ನೇತಾಡಿ ಉಳಿಸಿದ ಸೇತುವೆ ಅದು. ಉಳಿಸಿ, ಗಿಡ ಕೀಳಿಸಿ, ಗಾರೆ ತುಂಬಿಸಿ, ಬೋರ್ಡ್ ಹಾಕಿ, ಬೇಕಾದಷ್ಟು ಫೋಟೋ ತೆಗೀರಿ. ಆದರೆ ನಿಮ್ಮ ಪರಂಪರೆಯ ಭಾರವನ್ನ ನಮ್ಮ ಮಕ್ಕಳ ಜೀವದ ಮೇಲೆ ಹೊರಿಸಬೇಡಿ. ಪಕ್ಕದಲ್ಲಿ ಇನ್ನೊಂದು ದಾರಿ ಕೊಡಿ, ಆಮೇಲೆ ಹಳೇದರ ಚಂದ ಹೊಗಳೋಣ.

ದುಡ್ಡಿಲ್ಲ ಅಂತಾರೆ. ದುಡ್ಡಿನ ಕಥೆಯೂ ಕೇಳಿ. ನಮ್ಮ ರಾಜ್ಯದಲ್ಲಿ 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ನಮ್ಮ ಜನಸಂಖ್ಯೆಯ ಪಾಲಿನಷ್ಟು ಅಭಿವೃದ್ಧಿ ಹಣ ನಮಗೇ ಖರ್ಚಾಗಬೇಕು ಅಂತ. ಅದರಲ್ಲೇ 7(ಡಿ) ಅಂತ ಒಂದು ಕಲಂ ಇಟ್ಟಿದ್ದರು. ಎಲ್ಲರಿಗಾಗಿ ಮಾಡಿದ ದೊಡ್ಡ ಕಾಮಗಾರಿಯಲ್ಲೂ ನಮ್ಮ ಪಾಲಿನಷ್ಟು ನಮಗೇ ಖರ್ಚಾಯಿತು ಅಂತ "ಪರಿಭಾವಿಸಿ" ಲೆಕ್ಕ ಬರೆಯೋಕೆ ಅದರಲ್ಲಿ ದಾರಿ ಇತ್ತು. ಹೆದ್ದಾರೀಲಿ ನೀವೂ ಓಡಾಡ್ತೀರಲ್ಲ ಅನ್ನೋ ನ್ಯಾಯ. ಹೋರಾಟ ಮಾಡಿ ಮಾಡಿ 2023ರಲ್ಲಿ ಆ ಕಲಂ ತೆಗೆಸಿದ್ದಾಯಿತು. ನಮ್ಮ ಹಣದಲ್ಲಿ ದೊಡ್ಡ ರಸ್ತೆ "ಪರಿಭಾವಿಸಿದ" ಅಷ್ಟೂ ವರ್ಷ ನಮ್ಮ ಕೇರಿ ಸೇತುವೆಗೆ ಒಂದು ಚೀಲ ಸುಣ್ಣ ಸಿಗಲಿಲ್ಲ.

ಸಂಘಟನೆಯ ಕೆಲವು ಗೆಳೆಯರು ಕೇಳ್ತಾರೆ, "ಅಣ್ಣಾ, ಸೇತುವೆ, ಗಾರೆ ಅಂತ ಕೂತರೆ ಹೆಂಗೆ? ದೌರ್ಜನ್ಯ ಪ್ರಕರಣಗಳೇ ಸಾವಿರ ಇವೆ." ಅರ್ಥ ಆಗುತ್ತೆ ಕಣ್ರಪ್ಪ. ಆದರೆ ಒಂದು ಊರಿಗೆ ಎರಡು ದಾರಿ ಇದ್ದು, ಗಟ್ಟಿ ದಾರಿ ಊರಿಗೆ, ಲಡ್ಡು ದಾರಿ ಕೇರಿಗೆ ಅಂತ ಆದರೆ ಅದು ಏನು? ನೂರು ವರ್ಷದ ಹಿಂದೆ "ಈ ಕೆರೆಗೆ ಇಳೀಬೇಡ" ಅಂತ ಬಾಯಲ್ಲೇ ಹೇಳ್ತಿದ್ದರು. ಈಗ ಹಾಗೆ ಹೇಳೋಕೆ ಕಾನೂನು ಬಿಡಲ್ಲ. ಈಗ ಅಂದಾಜು ಪಟ್ಟಿಯಲ್ಲಿ ಹೇಳ್ತಾರೆ, ಆದ್ಯತಾ ಪಟ್ಟಿಯಲ್ಲಿ ಹೇಳ್ತಾರೆ. ಮಹಾಡದಲ್ಲೂ ಕಾಗದದಲ್ಲಿ ಕೆರೆ ತೆರೆದಿತ್ತು. ಬಾಬಾಸಾಹೇಬರು ಕಾಗದ ನಂಬಿ ಮನೇಲಿ ಕೂರಲಿಲ್ಲ, ನಡೆದು ಹೋಗಿ ನೋಡಿದರು. ಕೋರ್ಟಿನಲ್ಲೂ ಬಿಡಲಿಲ್ಲ, 1937ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. ಹತ್ತು ವರ್ಷ. ಕಡತ ಹಿಡಿದು ಕೂರೋದೂ ಹೋರಾಟವೇ.

ಅದಕ್ಕೆ ನಾನು ಮಾಡ್ತಿರೋದು ಹೇಳ್ತೀನಿ, ನಿಮ್ಮೂರಲ್ಲೂ ಮಾಡಿ.

ಒಂದು, ನಿಮ್ಮ ಕೇರಿಗೆ ಹೋಗೋ ಸೇತುವೆ, ಮೋರಿ, ಕಾಲುಸಂಕ ಯಾವುದೇ ಇರಲಿ, ಈ ಭಾನುವಾರ ಇಳಿದು ನೋಡಿ. ಗಿಡ ಬೆಳೆದಿದೆಯಾ, ಕಲ್ಲು ಹೊರಗೆ ಬಂದಿದೆಯಾ, ಕಂಬದ ಬುಡ ಕೊರೆದಿದೆಯಾ, ಕಮಾನು ಬಿರುಕು ಬಿಟ್ಟಿದೆಯಾ. ತಾರೀಖು ಸಮೇತ ಫೋಟೋ ತೆಗೀರಿ.

ಎರಡು, ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. "ಸೇತುವೆ ಹೇಗಿದೆ" ಅಂತ ಕೇಳಬೇಡಿ, "ಸುಸ್ಥಿತಿ" ಅಂತ ಬರುತ್ತೆ. ಕಳೆದ ಐದು ವರ್ಷದ ಪರಿಶೀಲನಾ ವರದಿಗಳ ದೃಢೀಕೃತ ನಕಲು ಕೇಳಿ. ಪರಿಶೀಲಿಸಿದ ದಿನಾಂಕ, ಹೋದ ಅಧಿಕಾರಿಯ ಹುದ್ದೆ, ವಾಹನದ ಲಾಗ್ ಪುಸ್ತಕದ ಆ ದಿನದ ಪುಟ ಕೇಳಿ. ಐದು ವರ್ಷದ್ದನ್ನ ಪಕ್ಕಪಕ್ಕ ಇಟ್ಟು ಓದಿ. ಅದೇ ವಾಕ್ಯ, ಅದೇ ಕಾಗುಣಿತ ತಪ್ಪು ಸಿಕ್ಕರೆ ನನಗೆ ಕಳಿಸಿ. ಎಲ್ಲಿ ಹುಡುಕಬೇಕು ಅಂತ ನನಗೆ ಗೊತ್ತು, ನಾನೂ ಅದೇ ಮಾಡಿದವನು.

ಮೂರು, ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ. ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಪರಿಶೀಲನೆ, ವರದಿ ಪಂಚಾಯಿತಿ ಬೋರ್ಡಿನ ಮೇಲೆ. ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಯೋವರೆಗೂ ಏಳಬೇಡಿ.

ನಾಲ್ಕು, ನಮ್ಮೋರು ಯಾರಾದರೂ ನನ್ನ ಥರ ಆಫೀಸಿನಲ್ಲಿ ಇದ್ದರೆ, ನಿಮ್ಮ ಮುಂದೆ ಹಳೇ ವರದಿ ಇಟ್ಟು ತಾರೀಖು ಬದಲಾಯಿಸಿ ಅಂದರೆ, ಒಂದು ಶರಾ ಬರೀರಿ. "ಸ್ಥಳ ಪರಿಶೀಲನೆ ದಿನಾಂಕ ನಮೂದಾಗಿಲ್ಲ, ಆದೇಶ ಕೋರಿದೆ." ಇಷ್ಟು ಸಾಕು. ಬೈಗುಳ ಬರುತ್ತೆ, ವರ್ಗಾವಣೆಯೂ ಆಗಬಹುದು. ಆವತ್ತು ನಾನು ಬರೀಲಿಲ್ಲ. ಈಗ ಬರೀತೀನಿ.

ಆ ಗುಂಪಿಗೂ ನಿನ್ನೆ ಸಂಜೆ ಒಂದು ಫೋಟೋ ಹಾಕಿದೆ. ನಮ್ಮ ಮೂರ್ಕಣ್ಣಿನ ಸೇತುವೆದು, ನಡು ಕಮಾನಿನ ಅರಳಿ ಮರ ಕಾಣೋ ಹಾಗೆ. ಕೆಳಗೆ ಬರೆದೆ: "ಇದನ್ನ ಇಪ್ಪತ್ತಾರು ವರ್ಷ ಬೀಳದ ಹಾಗೆ ನೋಡಿಕೊಂಡವರು ನಮ್ಮ ತಂದೆ. ಯಾವ ಕೋಟಾದಲ್ಲಿ ಅಂತ ನೀವೇ ಹೇಳಿ." ಇಲ್ಲಿವರೆಗೂ ಯಾರೂ ನಗುವ ಮುಖ ಹಾಕಿಲ್ಲ. ಚಟ್ನಿಪುಡಿ ಹಂಚಿಕೊಳ್ಳೋರು ಮಾತ್ರ ಬೆಳಿಗ್ಗೆ ಬಂದು, "ಮರ ಅಷ್ಟು ದೊಡ್ಡದಾಗಿದೆ, ಅಪಾಯ ಅಲ್ವಾ ಸಾರ್?" ಅಂತ ಕೇಳಿದರು. ಹೌದು, ಅಪಾಯ ಅಂದೆ. ಅರ್ಜಿಗೆ ಸಹಿ ಹಾಕ್ತೀರಾ ಅಂತ ಕೇಳಿದೆ. ಯೋಚಿಸಿ ಹೇಳ್ತೀನಿ ಅಂದಿದ್ದಾರೆ. ಕಾಯ್ತಿದೀನಿ. ಮಳೆ ಕಾಯಲ್ಲ.

ಓದಿದವರು ಹಂಚಿ. ನಿಮ್ಮೂರ ಸೇತುವೆ ಫೋಟೋ ಕೆಳಗೆ ಹಾಕಿ, ಊರು, ತಾಲ್ಲೂಕು ಬರೀರಿ. ಪಟ್ಟಿ ಮಾಡೋಣ.

ಜೈ ಭೀಮ್.